ಖ ಅಕ್ಷರದ ಖಾನೆ

ಬೆಟಗೇರಿಯ ಈ ಖೋಲ್ಯಾಗ
ಗ್ವಾಡಿಗೊಂದರಂಗ ನಾಕು ಕೌದಿ ಕಟ್ಟ್ಯಾಳ ಮೆಹಜಬೀನ್,
ದನಿ ಗುಂಯ್ ಅನಬಾರದಂತ.
ನಡುವ ನಾನು, ಎಪ್ಪತ್ತಾರು ತುಂಬಿದಂವ.
ಮುಂದ ಗುಬ್ಬಿ ತಲಿಯಷ್ಟ ಒಂದು ಮೈಕು.
"ಅಜ್ಜಾರ, ಅದರ ಕಡೆ ನೋಡಬ್ಯಾಡ್ರಿ.
ಯಾರೋ ಒಬ್ರಿಗೆ ಹೇಳಿದಂಗ ಹೇಳ್ರಿ."

ಒಬ್ರಿಗೆ ನಾ ಯಾವತ್ತು ಹೇಳೇನಿ?
ಎರಡು ಸಾವಿರ ಪ್ರತಿ, ಒರಟು ಕಾಗದ, ಮೂರು ಬಣ್ಣದ ಮುಖಪುಟ,
ಬಸ್‌ಸ್ಟ್ಯಾಂಡಿನ ಹಗ್ಗಕ್ಕ ಜೋತಾಡಿದ ನೂರಾ ಹನ್ನೊಂದು ಪತ್ತೇದಾರಿ.
ಎಲ್ಲಾದಕ್ಕೂ ಎಂಟ ಫಾರ್ಮು, ನೂರಾ ಇಪ್ಪತ್ತೆಂಟು ಪುಟ.
ಖೂನಿ ಮಾಡಿದಂವ ನೂರಾ ಇಪ್ಪತ್ತೇಳಕ್ಕ ಸಿಗಬೇಕು,
ಕಡೀ ಪುಟ ಮುಂದಿನ ತಿಂಗಳ ಜಾಹೀರಾತಿಗೆ ಮೀಸಲು.
ಕಾಗದದ ರೇಟು ಏರಿದ ವರ್ಷ ಏಳ ಫಾರ್ಮು ಸಾಕಂದ್ರು;
ಆ ವರ್ಷದ ಖೂನಿಗಾರರು ಲಗೂನ ಒಪ್ಪಿಕೊಂಡ್ರು.

ನನ್ನ ಪತ್ತೇದಾರ ಪೈಪು ಸೇದತಿದ್ದ, ನಾ ಬೀಡಿ.
ಮುಂಬೈ ಸಮುದ್ರ ಬರದದ್ದು ಭೀಷ್ಮಕೆರಿ ದಂಡೀಗೆ ಕುಂತು,
ತೆರಿ ಬೇಕಾದಾಗ ಒಂದು ಕಲ್ಲು ಒಗದು.

ಈಕಿ ಅಜ್ಜ ಇಮಾಮಸಾಬ, ಕಂಪೋಜಿಟರ್.
ನನ್ನ ಕಥಿ ಮೊದಲ ಓದತಿದ್ದಂವ ಅಂವ,
ಸೀಸದ ಅಕ್ಷರ ತಲಿಕೆಳಗ ಹಿಡದು.
ಯಾರು ಮಾಡ್ಯಾರಂತ ಮೂರನೇ ಫಾರ್ಮಿಗೇ ಹೇಳಿ ನಗತಿದ್ದ.
ಒಂದಿನ ರಾತ್ರಿ ಕಪ್ಪು ಬೆರಳಲೇ ಬಾಗಲಾ ಬಡದ:
"ಸರ, ಖ ಮುಗದೈತ್ರಿ.
ಖೂನಿ, ಖಂಜರ, ಖಜಾನೆ, ಖೈದಿ, ಖೊಟ್ಟಿ ನೋಟು...
ಒಂದ ಫಾರ್ಮಿಗೆ ಖಾನೆ ಖಾಲಿ ಮಾಡೀರಿ.
ಇನ್ನ ಮುಂದ ಕೊಲಿ ಅಂತ ಬರೀರಿ."

ಆರನೇ ಅಧ್ಯಾಯದಿಂದ ಖೂನಿ ನಿಂತು ಬರೇ ಕೊಲಿ ಆದುವು.
ಓದಿದವರು ಯಾರೂ ಕೇಳಲಿಲ್ಲ.
ಧಾರವಾಡದ ಒಬ್ರು ಮಾಸ್ತರು ಮಾತ್ರ ಕಾರ್ಡು ಬರದ್ರು:
'ಈ ಸಲ ತಮ್ಮ ಶೈಲಿ ಅಚ್ಚಗನ್ನಡದ ಕಡೆ ಹೊರಳಿದೆ, ಸಂತೋಷ.'
ಜೀವಮಾನದಾಗ ನನಗ ಬಂದ ವಿಮರ್ಶೆ ಅದೊಂದ.

ಈಗ ಮೊಮ್ಮಗಳು ಹೆಡ್‌ಫೋನು ಏರಿಸಿ ಕೈ ಎತ್ತತಾಳ:
"ಅಜ್ಜಾರ, ಖ ಸಾವಕಾಶ ಬಿಡ್ರಿ,
ಉಸಿರು ಬಡದು ಮೈಕು ಒಡದಂಗ ಕೇಳತೈತಿ."
ಅಜ್ಜಗ ಸಾಲದಾತು, ಈಕಿಗೆ ಹೆಚ್ಚಾತು.
ನಡುವ ಪ್ರೆಸ್ಸು ಹೋತು,
ಸೀಸ ಕಿಲೋದ ಲೆಕ್ಕದಾಗ ಗುಜರಿಗೆ ಹೋತು,
ಇಮಾಮಸಾಬ ಹ್ವಾದ.

ನಿನ್ನಿ ರೋಣದಿಂದ ಫೋನಿನ್ಯಾಗ ಒಂದು ದನಿ ಬಂದೈತಿ.
ಎಸ್ತರಬಾಯಿ ಅಂತ, ನರ್ಸ್ ಇದ್ದವರು.
"ಎಂಬತ್ಮೂರನೇ ಇಸವಿ, ರಾತ್ರಿ ಪಾಳಿ.
ನಿಮ್ಮ 'ತಾರಾಮಹಲಿನ ಮೂರನೇ ದೀಪ' ಓದಾಕ ಹತ್ತಿದ್ದೆ.
ಯಾರೋ ಜಾಹೀರಾತಿನ ಕೂಪನ್ನು ಹರಕೊಂಡು ಹೋಗಿದ್ರು,
ಕೂಪನ್ನಿನ ಬೆನ್ನಿಗೇ ಇದ್ದ ನೋಡ್ರಿ ನಿಮ್ಮ ಖೂನಿಗಾರ.
ಯಾರ್ರಿ ಅಂವ? ಮಾಲಕನ ತಮ್ಮೇನು? ಡಾಕ್ಟರೇನು?
ಡಾಕ್ಟರ ಇರಬಾರದು ಅಂತ ನನಗ ಭಾಳ ಇತ್ತು."

ನನಗ ನೆನಪಿಲ್ಲ.
ಪ್ರತಿ ಒಂದೂ ಉಳದಿಲ್ಲ.
ಬಾಡಗಿ ಪುಸ್ತಕದ ಅಂಗಡಿ ಇದ್ದಲ್ಲೆ
ಈಗ ಮೊಬೈಲಿನ ಕವರು ಮಾರತಾರ.
ಗೊತ್ತಿದ್ದಂವ ಒಬ್ಬ ಇದ್ದ,
ಮೂರನೇ ಫಾರ್ಮಿಗೇ.

ಎಷ್ಟೊತ್ತೋ ಸುಮ್ಮನ ಕುಂತೆ.
ಮೆಹಜಬೀನ್ ಬಂದ್ ಮಾಡಲಿಲ್ಲ, ಕೆಂಪು ದೀಪ ಹತ್ತೇ ಇತ್ತು.
ಬಾಯಾರ, ಅಂದೆ,
ನಾ ಮರತೇನ್ರಿ.
ನಲವತ್ತು ವರ್ಷ ಆ ಡಾಕ್ಟರನ್ನ ಬಿಡಿಸಾಕ
ನೀವು ಏನೇನು ಪುರಾವೆ ಹುಡುಕಿದ್ರಿ,
ಅದನ್ನಷ್ಟು ನನಗ ಹೇಳ್ರಿ,
ಇನ್ನೊಂದು ಪುಟ ಬರಿಯೂ ಕಸುವೈತಿ

ಅನ್ನೂದರಾಗ ಬಾಜೂ ಮನಿ ಮಗ್ಗ ಸುರು ಆತು.
ಖಟ್, ಖಟ್, ಖಟ್,
ಯಾರ ಖಾನೆಯಿಂದ ಖರ್ಚು ಮಾಡತೈತೋ ಅದು.
"ಹೋತ್ರಿ ಅಜ್ಜಾರ," ಅಂದ್ಲು ಮೆಹಜಬೀನ್,
"ಮಗ್ಗ ನಿಲ್ಲಲಿ. ಮತ್ತೊಮ್ಮೆ,
ಬಾಯಾರ ಅಂದ್ರೆಲಾ, ಅಲ್ಲಿಂದ."